ಅಂದಾಜಿನ ಪುಸ್ತಕ, ರೋಗಿಯ ಕಡತ

ಪುಸ್ತಕಗಳ ಲೋಕದಲ್ಲಿಯೂ ಮೇಲು ಕೀಳುಗಳುಂಟು. ಕಾವ್ಯ, ನಾಟಕ, ಕಾದಂಬರಿಗಳಿಗೆ ಗಾಜಿನ ಬೀರುವಿನ ಮೇಲಂತಸ್ತು. ಇತಿಹಾಸ, ತತ್ತ್ವಶಾಸ್ತ್ರಗಳಿಗೆ ಅದರ ಕೆಳಗಿನ ಗೌರವದ ಸ್ಥಾನ. ಪಠ್ಯಪುಸ್ತಕಕ್ಕೆ ಮಾತ್ರ ಯಾವ ಮನೆಯಲ್ಲಿಯೂ ಖಾಯಂ ವಾಸವಿಲ್ಲ. ಪರೀಕ್ಷೆಯ ಹಿಂದಿನ ವಾರ ಅದು ದಿಂಬಿನ ಪಕ್ಕದಲ್ಲಿರುತ್ತದೆ. ಫಲಿತಾಂಶ ಬಂದ ಮರುವಾರ ಹಳೆಯ ಪುಸ್ತಕದ ಅಂಗಡಿಯಲ್ಲಿರುತ್ತದೆ. ಇಂತಹ ಪಠ್ಯಪುಸ್ತಕಗಳಲ್ಲಿಯೂ ತೀರ ಹಿಂದಿನ ಸಾಲಿನಲ್ಲಿ ಕುಳಿತಿರುವ ಎರಡು ಬಗೆಯ ಪುಸ್ತಕಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಒಂದು, ಕಟ್ಟಡದ ವೆಚ್ಚವನ್ನು ಕಟ್ಟುವ ಮೊದಲೇ ಲೆಕ್ಕ ಹಾಕಲು ಕಲಿಸುವ ಎಸ್ಟಿಮೇಟಿಂಗ್ ಪುಸ್ತಕ. ಇನ್ನೊಂದು, ರೋಗಿಯ ವಿಷಯವನ್ನು ಆಸ್ಪತ್ರೆ ಹೇಗೆ ಬರೆದಿಡಬೇಕು, ಹೇಗೆ ಕಾಪಾಡಬೇಕು, ಬೇಕಾದಾಗ ಹೇಗೆ ಒದಗಿಸಬೇಕು ಎಂಬುದನ್ನು ಕಲಿಸುವ ಆರೋಗ್ಯ ಮಾಹಿತಿ ವ್ಯವಸ್ಥೆಯ ಪುಸ್ತಕ.

ಇವೆರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗದೆ ಎಂದು ವಾಚಕರು ಕೇಳಬಹುದು. ಮೇಲ್ನೋಟಕ್ಕೆ ಆ ಸಂದೇಹ ಸಹಜವೇ. ಒಂದರಲ್ಲಿ ಇಟ್ಟಿಗೆ, ಜಲ್ಲಿ, ಸಿಮೆಂಟು. ಇನ್ನೊಂದರಲ್ಲಿ ಜ್ವರ, ರಕ್ತ, ಔಷಧಿ. ಆದರೆ ಎರಡೂ ಕಲಿಸುವ ವಿದ್ಯೆಯ ತಿರುಳು ಒಂದೇ: ತಾನು ಕಂಡದ್ದನ್ನು, ಅಳೆದದ್ದನ್ನು, ತನ್ನನ್ನು ಎಂದೂ ನೋಡದ ಇನ್ನೊಬ್ಬನು ಮುಂದೊಮ್ಮೆ ಬಂದು ಪರಿಶೀಲಿಸಬಹುದಾದ ರೀತಿಯಲ್ಲಿ ಬರೆದಿಡುವುದು. ಈ ವಿದ್ಯೆ ಕೈಕೊಟ್ಟಾಗ ಕೆಡುವುದು ವಿದ್ಯಾರ್ಥಿಯ ಅಂಕಪಟ್ಟಿಯಷ್ಟೇ ಅಲ್ಲ. ಕೂಲಿಯವನ ದಿನಗೂಲಿ ಕೆಡುತ್ತದೆ, ಊರಿನ ಶಾಲೆಯ ಗೋಡೆ ಕೆಡುತ್ತದೆ, ಒಮ್ಮೊಮ್ಮೆ ಒಂದು ಜೀವವೇ ಹೋಗುತ್ತದೆ.

ನೃಪತುಂಗನ ಕಾಲದ ಇಟ್ಟಿಗೆ

ಅಂದಾಜಿನ ವಿದ್ಯೆ ಆಂಗ್ಲರು ಹಡಗಿನಲ್ಲಿ ತಂದ ಸರಕೆಂದು ನಮ್ಮಲ್ಲಿ ಅನೇಕರ ಭಾವನೆ. ಅದು ಪೂರ್ತಿ ಸರಿಯಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ ಯಾವ ಅರಸನ ಆಸ್ಥಾನದಲ್ಲಿ ಹುಟ್ಟಿತೋ ಅದೇ ಅರಸನ ಕಾಲದ ಕೃತಿಯಿದು. ಲಾಕ್ಷಣಿಕನು ಕಾವ್ಯದ ಮಾತುಗಳನ್ನು ಅಳೆಯುತ್ತಿದ್ದ ಕಾಲದಲ್ಲಿಯೇ ಗಣಿತಜ್ಞನು ಹಳ್ಳವನ್ನೂ ಗೋಡೆಯನ್ನೂ ಅಳೆಯುತ್ತಿದ್ದನು.

ಮಹಾವೀರನು ತನ್ನ ಗ್ರಂಥದ ಆದಿಯಲ್ಲಿ, ಲೆಕ್ಕವಿಲ್ಲದೆ ನಡೆಯದ ವಿದ್ಯೆಗಳನ್ನು ಹೆಸರಿಸುತ್ತಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ಛಂದಸ್ಸು, ಅಲಂಕಾರ, ವ್ಯಾಕರಣಗಳು ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ವೈದ್ಯವೂ ವಾಸ್ತುವಿದ್ಯೆಯೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ನಾವು ಇಲ್ಲಿ ಒಂದೇ ನೊಗಕ್ಕೆ ಹೂಡಿರುವ ಜೋಡಿಯನ್ನು ಸಾವಿರ ವರ್ಷಗಳಿಗೂ ಹಿಂದೆ ಆತನೇ ಹೂಡಿಟ್ಟಿದ್ದನು.

ಗ್ರಂಥದ ಖಾತವ್ಯವಹಾರವೆಂಬ ಭಾಗದಲ್ಲಿ ಹಳ್ಳ ತೋಡಿದ ಮಣ್ಣಿನ ಗಾತ್ರವನ್ನು ತಿಳಿಯುವ ಬಗೆ, ಗೋಡೆಗೆ ಬೇಕಾಗುವ ಇಟ್ಟಿಗೆಗಳನ್ನು ಎಣಿಸುವ ಬಗೆ, ಮರ ಕೊಯ್ಯುವ ಕೆಲಸವನ್ನು ಅಳೆಯುವ ಬಗೆ ಎಲ್ಲವೂ ಬರುತ್ತವೆ. ಬಿರುಗಾಳಿಗೆ ಓರೆಯಾಗಿ ಮುರಿದುಬಿದ್ದ ಗೋಡೆಯಲ್ಲಿ ನಿಂತ ಇಟ್ಟಿಗೆಗಳೆಷ್ಟು, ಬಿದ್ದವೆಷ್ಟು ಎಂದು ಕೇಳುವ ಲೆಕ್ಕವೂ ಅಲ್ಲಿದೆ. ಮೂರು ಶತಮಾನಗಳ ಅನಂತರ, ೧೧೫೦ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿಯೂ ಖಾತ, ಚಿತಿ, ಕ್ರಕಚಗಳಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಅದೇ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಪಾಠ ಹೇಳುವ ಗಣಿತ ಕನ್ನಡದಲ್ಲಿ ಇರಬಲ್ಲುದೆಂಬುದು ಅಂದೇ ತೀರ್ಮಾನವಾದ ವಿಷಯ.

ಆದರೆ ಈ ಪ್ರಾಚೀನ ಲೆಕ್ಕಗಳು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ. ‘ಇದಕ್ಕೆ ಹಣವೆಷ್ಟು? ಆ ಹಣ ಯಾರದು? ಲೆಕ್ಕ ಸರಿಯೆಂದು ನೋಡುವವರಾರು?’ ಎಂಬ ಪ್ರಶ್ನೆಗಳು ಪಠ್ಯಪುಸ್ತಕದ ಒಳಗೆ ಬರಬೇಕಾದರೆ, ಕಟ್ಟಿಸುವವನೊಬ್ಬ, ಕಟ್ಟುವವನೊಬ್ಬ, ಹಣ ಕೊಡುವವನು ಮತ್ತೊಬ್ಬ ಎಂಬ ಸ್ಥಿತಿ ಒದಗಬೇಕಾಯಿತು. ಲಾರ್ಡ್ ಡಾಲ್‌ಹೌಸಿಯ ಆಡಳಿತದಲ್ಲಿ, ೧೮೫೪ರಲ್ಲಿ, ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಅದಕ್ಕೆ ಏಳು ವರ್ಷ ಮೊದಲು, ೧೮೪೭ರಲ್ಲಿ, ಗಂಗಾ ಕಾಲುವೆಯ ಕೆಲಸಕ್ಕೆ ಬೇಕಾದ ಇಂಜಿನಿಯರುಗಳನ್ನೂ ಮೇಲ್ವಿಚಾರಕರನ್ನೂ ತಯಾರಿಸುವುದಕ್ಕಾಗಿ ರೂರ್ಕಿಯಲ್ಲಿ ಕಾಲೇಜು ಪ್ರಾರಂಭವಾಗಿತ್ತು. ಆ ಕಾಲೇಜಿನ ಪಾಠಗಳೇ ಮುಂದೆ ಕೈಪಿಡಿಗಳಾಗಿ ಅಚ್ಚಾದವು. ನಮ್ಮಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಸ್ವಾತಂತ್ರ್ಯಾನಂತರದ ತಲೆಮಾರುಗಳು ಬಿ. ಎನ್. ದತ್ತ, ಎಂ. ಚಕ್ರವರ್ತಿ ಮೊದಲಾದವರ ಪುಸ್ತಕಗಳನ್ನು ಓದಿ ಈ ವಿದ್ಯೆಯನ್ನು ಕಲಿತವು. ದತ್ತರ ಪುಸ್ತಕವನ್ನು ಕಾಣದ ಸಿವಿಲ್ ಇಂಜಿನಿಯರು ನಮ್ಮ ನಾಡಿನಲ್ಲಿ ಅಪರೂಪ.

ಮೂಲೆಯ ಲೆಕ್ಕ

ಇಂತಹ ಪುಸ್ತಕವೊಂದನ್ನು ತೆರೆದರೆ ಮೊದಲಿಗೆ ಕಾಣುವುದು ಒಂದು ಕೋಣೆಯ ಚಿತ್ರ. ಒಳಗಿನ ಅಳತೆ ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲವೆಂದೂ ಗೋಡೆಯ ದಪ್ಪ ಮೂವತ್ತು ಸೆಂಟಿಮೀಟರೆಂದೂ ಇಟ್ಟುಕೊಳ್ಳೋಣ. ಗೋಡೆಗಳ ಒಟ್ಟು ಉದ್ದವೆಷ್ಟು? ಹೊಸ ವಿದ್ಯಾರ್ಥಿ ಹೊರಗಿನಿಂದ ಅಳೆಯುತ್ತಾನೆ: ಉದ್ದದ ಗೋಡೆ ೪.೬ ಮೀಟರು, ಅಡ್ಡಗೋಡೆ ೩.೬ ಮೀಟರು, ಎರಡೆರಡು ಸೇರಿ ೧೬.೪ ಮೀಟರು. ಉತ್ತರ ತಪ್ಪು. ನಾಲ್ಕು ಮೂಲೆಗಳೂ ಎರಡೆರಡು ಸಲ ಎಣಿಕೆಗೆ ಬಂದಿವೆ. ಉದ್ದದ ಗೋಡೆಯನ್ನು ಹೊರಗಿನಿಂದ ಅಳೆದರೆ ಅಡ್ಡಗೋಡೆಯನ್ನು ಒಳಗಿನಿಂದ ಅಳೆಯಬೇಕು. ಆಗ ಒಟ್ಟು ೧೫.೨ ಮೀಟರು ಬರುತ್ತದೆ. ಗೋಡೆಗಳ ನಡುಗೆರೆಯನ್ನು ಹಿಡಿದು ಅಳೆದರೂ ಅಷ್ಟೇ ಬರುತ್ತದೆ.

೧.೨ ಮೀಟರಿನ ವ್ಯತ್ಯಾಸ ಏನು ಮಹಾ ಎನ್ನಬಹುದು. ಗೋಡೆ ಮೂರು ಮೀಟರು ಎತ್ತರವಿದ್ದರೆ ಆ ವ್ಯತ್ಯಾಸದ ಗಾತ್ರ ಒಂದು ಘನಮೀಟರಿಗೂ ತುಸು ಮಿಗಿಲು. ಗಾರೆಯ ಸಮೇತ ಇಪ್ಪತ್ತು, ಹತ್ತು, ಹತ್ತು ಸೆಂಟಿಮೀಟರು ಅಳತೆಗೆ ಬರುವ ಇಟ್ಟಿಗೆ ಘನಮೀಟರಿಗೆ ಐನೂರು ಹಿಡಿಯುತ್ತದೆ. ಎಂದರೆ ಇಲ್ಲದ ಮೂಲೆಗಳಿಗಾಗಿ ಐನೂರನಲವತ್ತು ಇಟ್ಟಿಗೆಗಳಿಗೆ ಹಣ ಹೋಯಿತು. ಇದು ಒಂದು ಕೋಣೆಯ ಮಾತು. ಹತ್ತು ಕೋಣೆಗಳ ಶಾಲೆ, ನೂರು ಮನೆಗಳ ಬಡಾವಣೆಯಾದರೆ ಲೆಕ್ಕ ಎಲ್ಲಿಗೆ ಮುಟ್ಟೀತು!

ಹೀಗೆಯೇ ಮುಂದಿನ ಅಧ್ಯಾಯಗಳು. ಕಿಟಕಿ ಬಾಗಿಲುಗಳ ತೆರಪನ್ನು ಗೋಡೆಯಿಂದ ಕಳೆಯಬೇಕು. ಆದರೆ ತೀರ ಚಿಕ್ಕ ಕಂಡಿಯನ್ನು ಕಳೆಯುವುದಿಲ್ಲ, ಅದನ್ನು ಬಿಟ್ಟು ಕಟ್ಟುವ ಶ್ರಮವೇ ಉಳಿದ ಇಟ್ಟಿಗೆಗೆ ಸಮನಾಗುತ್ತದೆ. ಗಿಲಾವಿನ ಲೆಕ್ಕದಲ್ಲಿ ಅರ್ಧ ಚದರ ಮೀಟರಿನವರೆಗಿನ ತೆರಪಿಗೆ ಕಳೆತವಿಲ್ಲ. ಅಲ್ಲಿಂದ ಮೂರು ಚದರ ಮೀಟರಿನವರೆಗೆ ಒಂದು ಮುಖಕ್ಕೆ ಮಾತ್ರ ಕಳೆತ. ಅದಕ್ಕೂ ದೊಡ್ಡದಾದರೆ ಎರಡು ಮುಖಕ್ಕೂ ಕಳೆದು, ಪಕ್ಕದ ದಡಗಳನ್ನು ಕೂಡಿಸಬೇಕು. ಭಾರತೀಯ ಮಾನಕ ಸಂಸ್ಥೆಯ ೧೨೦೦ನೆಯ ಸಂಖ್ಯೆಯ ಮಾನಕ ಇವನ್ನೆಲ್ಲ ವಿಧಿಸಿದೆ. ಒಣ ಜಲ್ಲಿ, ಮರಳು, ಸಿಮೆಂಟು ಸೇರಿ ನೀರು ಕುಡಿದಾಗ ಕುಗ್ಗುತ್ತವೆ. ಆದುದರಿಂದ ಒಂದು ಘನಮೀಟರು ಕಾಂಕ್ರೀಟಿಗೆ ಸುಮಾರು ಒಂದೂವರೆ ಘನಮೀಟರಿಗೂ ಮಿಗಿಲಾದ ಒಣ ಸಾಮಗ್ರಿ ಬೇಕು. ಒಂದು, ಎರಡು, ನಾಲ್ಕರ ಮಿಶ್ರಣಕ್ಕೆ ಐವತ್ತು ಕಿಲೋಗ್ರಾಮಿನ ಸಿಮೆಂಟು ಚೀಲಗಳು ಆರಕ್ಕೂ ತುಸು ಹೆಚ್ಚು. ಇಷ್ಟು ತಿಳಿದವನಿಗೆ, ಆರರ ಬದಲು ನಾಲ್ಕೇ ಚೀಲ ಹಾಕಿದವನ ಕಥೆ ಕಾಗದದ ಮೇಲೆಯೇ ಗೊತ್ತಾಗುತ್ತದೆ. ತಿಳಿಯದವನಿಗೆ ಅದು ಗೊತ್ತಾಗುವುದು ತಾರಸಿ ಸೋರಿದ ಮೇಲೆ.

ಕೊನೆಯಲ್ಲಿ ಒಂದು ವಿನಯದ ಸಾಲು ಬರುತ್ತದೆ. ಎಷ್ಟು ಲೆಕ್ಕ ಹಾಕಿದರೂ ಮುಂಗಾಣದ ವೆಚ್ಚ ಇದ್ದೇ ಇರುತ್ತದೆಂದು ಒಪ್ಪಿ, ನೂರಕ್ಕೆ ಮೂರರಿಂದ ಐದರಷ್ಟು ಹಣವನ್ನು ಬೇರೆ ಇಡಬೇಕೆಂಬ ಸಾಲು ಅದು. ತನ್ನ ಅಜ್ಞಾನಕ್ಕೂ ಒಂದು ಅಂಕಣ ಕೊಡುವ ಶಾಸ್ತ್ರಗಳು ಬಹಳವಿಲ್ಲ.

ಕೆಲಸ ನಡೆದ ಮೇಲೆ ಅಳತೆ ಪುಸ್ತಕ ಬರುತ್ತದೆ. ಅದರ ಹಾಳೆಗಳಿಗೆ ಅಚ್ಚಾದ ಸಂಖ್ಯೆಗಳಿವೆ, ಒಂದನ್ನೂ ಹರಿಯುವಂತಿಲ್ಲ. ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ಹಿಂದಿನ ತಪ್ಪು ಓದಲು ಬರುವಂತಿರಬೇಕು. ತಿದ್ದುಪಡಿಗೆ ಅವಕಾಶವಿದೆ, ಮುಚ್ಚಿಡುವುದಕ್ಕಿಲ್ಲ. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಇನ್ನೊಂದು ಪುಸ್ತಕದಲ್ಲಿ ಇದು ಮತ್ತೆ ಎದುರಾಗುತ್ತದೆ.

ಎಫೆಸಸ್ ಪಟ್ಟಣದ ಕಟ್ಟಳೆ

ಅಂದಾಜು ತಪ್ಪಿದರೆ ದಂಡ ತೆರುವವರಾರು? ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್, ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ತಾನು ಬರೆದ ಹತ್ತು ಸಂಪುಟಗಳ ಗ್ರಂಥದ ಕೊನೆಯ ಸಂಪುಟದ ಪೀಠಿಕೆಯಲ್ಲಿ, ಗ್ರೀಕರ ಎಫೆಸಸ್ ಪಟ್ಟಣದ ಹಳೆಯ ಕಟ್ಟಳೆಯೊಂದನ್ನು ಹೇಳುತ್ತಾನೆ. ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಂಡ ಶಿಲ್ಪಿ ವೆಚ್ಚವೆಷ್ಟಾಗುವುದೆಂದು ಮೊದಲೇ ಹೇಳಬೇಕು. ಕೆಲಸ ಮುಗಿಯುವವರೆಗೆ ಅವನ ಆಸ್ತಿ ಅಧಿಕಾರಿಯ ವಶದಲ್ಲಿ ಒತ್ತೆಯಾಗಿರುತ್ತದೆ. ಹೇಳಿದಷ್ಟರಲ್ಲಿಯೇ ಮುಗಿಸಿದರೆ ಸನ್ಮಾನ. ಕಾಲು ಭಾಗದಷ್ಟು ಮೀರಿದರೆ ಬೊಕ್ಕಸವೇ ಭರಿಸುತ್ತದೆ. ಅದಕ್ಕೂ ಮೀರಿದರೆ ಹೆಚ್ಚಿನ ಹಣವೆಲ್ಲ ಶಿಲ್ಪಿಯ ಆಸ್ತಿಯಿಂದಲೇ ಹೋಗಬೇಕು. ಇಂತಹ ಕಾನೂನು ರೋಮಿನಲ್ಲಿಯೂ ಇದ್ದಿದ್ದರೆ ಎಂದು ವಿಟ್ರೂವಿಯಸ್ ಹಂಬಲಿಸುತ್ತಾನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಮ್ಮ ಗಾದೆಯ ನೋವು ರೋಮಿಗೂ ಹೊಸದಾಗಿರಲಿಲ್ಲ.

ಎಫೆಸಸಿನ ಕಟ್ಟಳೆ ಇಂದು ಜಾರಿಯಲ್ಲಿದ್ದರೆ ಎಷ್ಟು ಮಂದಿಯ ಆಸ್ತಿ ಉಳಿದೀತು? ಆಸ್ಟ್ರೇಲಿಯದ ಸಿಡ್ನಿ ಸಂಗೀತ ನಾಟಕ ಮಂದಿರಕ್ಕೆ ಮೊದಲು ಹೇಳಿದ ವೆಚ್ಚ ಅಲ್ಲಿನ ನಾಣ್ಯದಲ್ಲಿ ೭೦ ಲಕ್ಷ ಡಾಲರು. ೧೯೭೩ರಲ್ಲಿ ಅದು ತೆರೆದಾಗ ಆಗಿದ್ದ ವೆಚ್ಚ ೧೦ ಕೋಟಿ ೨೦ ಲಕ್ಷ. ಆ ಕಟ್ಟಡದ ಚೆಲುವು ಜಗತ್ತಿಗೇ ಗೊತ್ತಿರುವುದರಿಂದ ಅದರ ಲೆಕ್ಕವನ್ನು ಜನ ಕ್ಷಮಿಸಿದ್ದಾರೆ. ಚೆಲುವಿಲ್ಲದ ನೂರಾರು ಸೇತುವೆ, ರಸ್ತೆ, ರೈಲುಮಾರ್ಗಗಳಿಗೆ ಆ ರಕ್ಷಣೆಯಿಲ್ಲ. ಡೆನ್ಮಾರ್ಕಿನ ವಿದ್ವಾಂಸ ಬೆಂಟ್ ಫ್ಲೂಬ್ಯೆರ್ಗ್ ಮತ್ತು ಸಂಗಡಿಗರು ೨೦೦೨ರಲ್ಲಿ ಇಪ್ಪತ್ತು ದೇಶಗಳ ೨೫೮ ಸಾರಿಗೆ ಕಾಮಗಾರಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದಲ್ಲಿ, ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಅಂದಾಜು ಕಡಮೆಯಾಗಿತ್ತೆಂದೂ ನಿಜವಾದ ವೆಚ್ಚ ಸರಾಸರಿ ನೂರಕ್ಕೆ ೨೮ರಷ್ಟು ಹೆಚ್ಚಿತ್ತೆಂದೂ ತೋರಿಸಿದರು. ಎಪ್ಪತ್ತು ವರ್ಷಗಳ ಅವಧಿಯಲ್ಲಿ ಈ ಸ್ಥಿತಿ ಸುಧಾರಿಸಿರಲಿಲ್ಲ. ಲೆಕ್ಕ ಬಾರದ್ದರಿಂದಲೇ ತಪ್ಪಿದ್ದರೆ ಕೆಲವು ಅಂದಾಜು ಹೆಚ್ಚಾಗಿ, ಕೆಲವು ಕಡಮೆಯಾಗಿ ತಪ್ಪಬೇಕಿತ್ತು. ಎಲ್ಲವೂ ಒಂದೇ ಕಡೆಗೆ ವಾಲಿದರೆ ಅದನ್ನು ಬರಿಯ ಪ್ರಮಾದವೆನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಮಂಜೂರಾತಿ ದೊರೆಯಲೆಂದು ವೆಚ್ಚವನ್ನು ಕುಗ್ಗಿಸಿ ತೋರಿಸಿದರೆಂಬುದು ಅವರ ತೀರ್ಮಾನ.

ಹಾಗಾದರೆ ಪಠ್ಯಪುಸ್ತಕದಿಂದ ಏನಾಯಿತು? ಪುಸ್ತಕ ಸುಳ್ಳನ್ನು ತಡೆಯಲಾರದು. ಆದರೆ ಸುಳ್ಳು ಯಾವ ಸಾಲಿನಲ್ಲಿ ಕುಳಿತಿದೆಯೆಂಬುದನ್ನು ತೋರಿಸಬಲ್ಲುದು. ಅಂದಾಜನ್ನು ಉದ್ದ, ಅಗಲ, ಎತ್ತರ, ದರಗಳಾಗಿ ಬಿಡಿಸಿ ಬರೆದ ಕ್ಷಣದಿಂದ ಅದು ದೊಡ್ಡವರ ಬಾಯಿಮಾತಾಗಿ ಉಳಿಯುವುದಿಲ್ಲ. ಯಾವ ವಿದ್ಯಾರ್ಥಿಯೂ ಟೇಪು ಹಿಡಿದು ಹೋಗಿ ಪರೀಕ್ಷಿಸಬಹುದಾದ ಹೇಳಿಕೆಯಾಗುತ್ತದೆ. ೨೦೦೫ರ ಮಾಹಿತಿ ಹಕ್ಕು ಕಾಯಿದೆ, ಕಾಮಗಾರಿಯನ್ನು ನೋಡುವ, ದಾಖಲೆಗಳ ಪ್ರತಿ ಪಡೆಯುವ, ಸಾಮಗ್ರಿಯ ಮಾದರಿಯನ್ನೂ ಪಡೆಯುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ, ಕೆಲಸದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕೆಂದು ವಿಧಿಸಿತು. ಆ ಕಾಯಿದೆಯ ಅಡಿಯಲ್ಲಿ ಕೆರೆಯ ಹೂಳೆತ್ತಿದ ಹೆಂಗಸಿನ ಕೂಲಿ, ಆಕೆ ತೋಡಿದ ಮಣ್ಣನ್ನು ಅಳತೆ ಪುಸ್ತಕದಲ್ಲಿ ಎಷ್ಟೆಂದು ಬರೆದರೋ ಅದನ್ನು ಅವಲಂಬಿಸಿತ್ತು. ಮಹಾವೀರನ ಖಾತಗಣಿತ ಅಲ್ಲಿ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ. ಸಂಜೆಯ ಅನ್ನದ ಪ್ರಶ್ನೆಯಾಗಿತ್ತು.

ನೈಟಿಂಗೇಲಳ ಇನ್ನೊಂದು ಮುಖ

ಕಟ್ಟಡದಿಂದ ರೋಗಿಯ ಕಡೆಗೆ ಹೋಗುವ ದಾರಿಯಲ್ಲಿ ನಮಗೊಬ್ಬ ಮಾರ್ಗದರ್ಶಿ ಸಿಕ್ಕುತ್ತಾಳೆ. ಫ್ಲಾರೆನ್ಸ್ ನೈಟಿಂಗೇಲಳನ್ನು ನಮ್ಮ ಶಾಲಾಪಾಠಗಳು ಕೈಯಲ್ಲಿ ದೀಪ ಹಿಡಿಸಿ ನಿಲ್ಲಿಸಿವೆ. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತೆಂಬುದನ್ನು ಹೇಳುವವರು ಕಡಮೆ. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಲ್ಲಿ ಆಕೆ ಕಂಡದ್ದು ಹೊಲಸನ್ನು ಮಾತ್ರವಲ್ಲ, ಸತ್ತವರ ಲೆಕ್ಕವೂ ನೆಟ್ಟಗಿಲ್ಲದ ಅವ್ಯವಸ್ಥೆಯನ್ನು. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯಾಗಿ ಆರಿಸಿತು. ಮರುವರ್ಷ ಆಸ್ಪತ್ರೆಗಳನ್ನು ಕುರಿತ ಆಕೆಯ ಗ್ರಂಥ ಹೊರಬಂದಿತು. ೧೮೬೩ರಲ್ಲಿ ಅದರ ಮೂರನೆಯ ಆವೃತ್ತಿ ಬಹಳ ವಿಸ್ತಾರಗೊಂಡು ಬಂದಿತು.

ಆ ಒಂದೇ ಗ್ರಂಥದಲ್ಲಿ ನಮ್ಮ ಎರಡು ಪುಸ್ತಕಗಳೂ ಇವೆ. ಮಂಚವೊಂದಕ್ಕೆ ಎಷ್ಟು ಗಾಳಿಯ ಎಡೆ ಇರಬೇಕು, ಕಿಟಕಿಗಳು ಎಲ್ಲಿರಬೇಕು, ಗೋಡೆ ನೆಲಗಳು ಯಾವುದರಿಂದ ಆಗಬೇಕು ಎಂದು ಒಂದು ಕಡೆ ಆಕೆ ಇಂಜಿನಿಯರಿನಂತೆ ಬರೆಯುತ್ತಾಳೆ. ಇನ್ನೊಂದು ಕಡೆ, ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯ ಪಟ್ಟಿಯಲ್ಲಿ ಲೆಕ್ಕ ಇಡಬೇಕೆಂದು ವಾದಿಸುತ್ತಾಳೆ. ವರ್ಷದ ಆದಿಯಲ್ಲಿ ಇದ್ದ ರೋಗಿಗಳೆಷ್ಟು, ಸೇರಿದವರೆಷ್ಟು, ಗುಣವಾಗಿ ಹೋದವರೆಷ್ಟು, ತೀರಿಕೊಂಡವರೆಷ್ಟು, ಉಳಿದವರೆಷ್ಟು, ಸರಾಸರಿ ಎಷ್ಟು ದಿನ ಇದ್ದರು. ಇದನ್ನು ರೋಗ, ವಯಸ್ಸು, ಲಿಂಗಗಳ ಪ್ರಕಾರ ವಿಂಗಡಿಸಿ ಬರೆಯಬೇಕು. ಆಸ್ಪತ್ರೆಗಳನ್ನು ಒಂದರೊಡನೊಂದು ಹೋಲಿಸಿ ನೋಡಲು ತಕ್ಕ ದಾಖಲೆ ಎಲ್ಲಿಯೂ ಸಿಕ್ಕಲಿಲ್ಲವೆಂಬುದು ಆಕೆಯ ದೂರು. ಜನ ದಾನವಾಗಿ ಕೊಟ್ಟ ಹಣದಿಂದ ಕೆಡುಕಾಗುತ್ತಿದೆಯೋ ಒಳಿತಾಗುತ್ತಿದೆಯೋ ತಿಳಿಯಬೇಡವೆ? ೧೮೬೦ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಆಕೆಯ ನಮೂನೆಗಳು ಬಂದವು. ಕೆಲವು ಆಸ್ಪತ್ರೆಗಳು ಕೆಲಕಾಲ ಅವನ್ನು ಬಳಸಿ ಬಿಟ್ಟವು. ನಮೂನೆ ಚೆನ್ನಾಗಿದ್ದರೆ ಸಾಲದು, ಅದನ್ನು ತುಂಬುವ ಕೈಗೆ ಬಿಡುವಿರಬೇಕೆಂಬ ಪಾಠ ಅಂದೇ ಸಿಕ್ಕಿತು.

ಒಬ್ಬ ರೋಗಿಗೆ ಒಂದು ಕಡತ

ಮುಂದಿನ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೮೯೩ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋ ಎಂಬಾತನು ಸಾವಿನ ಕಾರಣಗಳ ವರ್ಗೀಕರಣವೊಂದನ್ನು ಷಿಕಾಗೋ ಸಭೆಯಲ್ಲಿ ಮಂಡಿಸಿದನು. ಇಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸುತ್ತಿರುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ಅದೇ ಮೂಲ. ಅದರ ಹನ್ನೊಂದನೆಯ ಪರಿಷ್ಕರಣ ೨೦೨೨ರ ಜನವರಿಯಿಂದ ಜಾರಿಗೆ ಬಂದಿದೆ. ೧೯೦೭ರಲ್ಲಿ ಅಮೆರಿಕದ ಮೇಯೋ ವೈದ್ಯಾಲಯದಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯ ಇನ್ನೊಂದು ಸುಧಾರಣೆ ತಂದನು. ಅದುವರೆಗೆ ಒಬ್ಬೊಬ್ಬ ವೈದ್ಯನೂ ತನ್ನ ತನ್ನ ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು; ಒಬ್ಬ ರೋಗಿಯ ಚರಿತ್ರೆ ಐದಾರು ಪುಸ್ತಕಗಳಲ್ಲಿ ಚದರಿಹೋಗುತ್ತಿತ್ತು. ಪ್ಲಮ್ಮರ್ ಒಬ್ಬ ರೋಗಿಗೆ ಒಂದು ಸಂಖ್ಯೆ, ಒಂದು ಕಡತ ಎಂದು ಗೊತ್ತುಮಾಡಿದನು. ಮಾತು ಸಣ್ಣದು, ಅದರಿಂದ ಆದ ಬದಲಾವಣೆ ದೊಡ್ಡದು. ದಾಖಲೆ ವೈದ್ಯನ ಸ್ವತ್ತಾಗಿದ್ದುದು ರೋಗಿಯನ್ನು ಹಿಂಬಾಲಿಸತೊಡಗಿತು.

ಕಡತವೇನೋ ಒಂದಾಯಿತು, ಅದರೊಳಗಿನ ಬರಹ ಹೇಗಿರಬೇಕು? ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯ ೧೯೬೮ರ ಲೇಖನಗಳಲ್ಲಿಯೂ ಮರುವರ್ಷದ ಪುಸ್ತಕದಲ್ಲಿಯೂ ಇದಕ್ಕೊಂದು ಕ್ರಮ ಹಾಕಿಕೊಟ್ಟನು. ರೋಗಿಯ ತೊಂದರೆಗಳಿಗೆ ಮೊದಲು ಸಂಖ್ಯೆ ಹಾಕಿ ಪಟ್ಟಿ ಮಾಡಬೇಕು. ಪ್ರತಿಯೊಂದರ ಕೆಳಗೆ, ರೋಗಿ ಹೇಳಿದ್ದೇನು, ವೈದ್ಯ ಪರೀಕ್ಷಿಸಿ ಕಂಡದ್ದೇನು, ಅದರಿಂದ ಊಹಿಸಿದ್ದೇನು, ಮಾಡಬೇಕೆಂದಿರುವುದೇನು ಎಂದು ನಾಲ್ಕು ಭಾಗವಾಗಿ ಬರೆಯಬೇಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ, ಎರಡನ್ನೂ ಬೆರಸಬಾರದು. ಕಾಗದದ ಕಡತದಲ್ಲಿ ತಪ್ಪಾಗಿ ಬರೆದರೆ ಒಂದು ಗೆರೆ ಎಳೆದು, ರುಜು ಮತ್ತು ತಾರೀಖು ಹಾಕಿ, ಸರಿಯಾದುದನ್ನು ಬರೆಯಬೇಕು, ಹಳೆಯದು ಕಾಣುತ್ತಿರಬೇಕು. ಅಳತೆ ಪುಸ್ತಕದ ಓವರ್ಸಿಯರನೂ ವಾರ್ಡಿನ ವೈದ್ಯನೂ ಪರಸ್ಪರ ಪರಿಚಯವಿಲ್ಲದೆ ಒಂದೇ ನಿಯಮಕ್ಕೆ ಬಂದು ಸೇರಿದರು. ತಿದ್ದಿದ ತಪ್ಪಿನಿಂದ ಅಪಾಯ ಕಡಮೆ. ಅಳಿಸಿದ ತಪ್ಪಿನಿಂದ ಹೆಚ್ಚು.

ಯಂತ್ರ ಬಂದ ಮೇಲೆ

೧೯೯೦ರಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಂಗಡಿಗರು ವೈದ್ಯಕೀಯದಲ್ಲಿ ಗಣಕಯಂತ್ರದ ಬಳಕೆಯನ್ನು ಕುರಿತ ದೊಡ್ಡ ಪಠ್ಯಪುಸ್ತಕವೊಂದನ್ನು ಸಂಪಾದಿಸಿದರು. ಅದು ೨೦೨೧ರಲ್ಲಿ ಐದನೆಯ ಆವೃತ್ತಿಯನ್ನು ಕಂಡಿತು. ಇಂತಹ ಪುಸ್ತಕಗಳು ಯಂತ್ರದ ವರ್ಣನೆಗಿಂತ ಹೆಚ್ಚಾಗಿ ಮಾಹಿತಿಯ ಗುಣವನ್ನು ಕುರಿತು ಚರ್ಚಿಸುತ್ತವೆ. ಒಂದು ಆಸ್ಪತ್ರೆ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುವುದು ಹೇಗೆ, ಯಾರು ಓದಬಹುದು, ಯಾರು ಓದಕೂಡದು, ಯಾರು ಯಾವಾಗ ಏನನ್ನು ತಿದ್ದಿದರೆಂಬ ಗುರುತು ಉಳಿಯುವುದು ಹೇಗೆ ಎಂಬ ಪ್ರಶ್ನೆಗಳೇ ಅಲ್ಲಿ ಮುಖ್ಯ. ೧೯೯೯ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿಯೊಂದು, ಅಲ್ಲಿನ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ ೪೪ ಸಾವಿರದಿಂದ ೯೮ ಸಾವಿರ ಮಂದಿ ಸಾಯುತ್ತಿರಬಹುದೆಂದು ಹೇಳಿದ ಮೇಲೆ ಈ ಪಾಠಗಳಿಗೆ ಹೊಸ ತೀವ್ರತೆ ಬಂದಿತು.

ಆದರೆ ಯಂತ್ರವನ್ನು ತರಿಸುವುದಕ್ಕೂ ಅಂದಾಜು ಬೇಕಲ್ಲವೆ? ಇಲ್ಲಿ ನಮ್ಮ ಎರಡು ಪುಸ್ತಕಗಳೂ ಮುಖಾಮುಖಿಯಾಗುತ್ತವೆ. ಇಂಗ್ಲೆಂಡಿನ ಸರ್ಕಾರ ತನ್ನ ಆರೋಗ್ಯ ಸೇವೆಗೆಲ್ಲ ಒಂದೇ ಮಾಹಿತಿ ವ್ಯವಸ್ಥೆಯನ್ನು ಕಟ್ಟಲು ೨೦೦೨ರಲ್ಲಿ ಬೃಹತ್ ಯೋಜನೆಯನ್ನು ಹೂಡಿತು. ಪ್ರತಿಯೊಬ್ಬ ರೋಗಿಗೂ ದೇಶದ ಯಾವ ಮೂಲೆಯಲ್ಲಿಯೂ ತೆರೆಯಬಹುದಾದ ಕಡತ ದೊರೆಯಬೇಕೆಂಬುದು ಅದರ ಕನಸು. ಒಂಬತ್ತು ವರ್ಷಗಳ ಅನಂತರ, ೨೦೧೧ರಲ್ಲಿ, ಆ ಯೋಜನೆಯನ್ನು ಬಿಚ್ಚಿಹಾಕುವುದಾಗಿ ಸರ್ಕಾರವೇ ಸಾರಿತು. ವೆಚ್ಚ ಸಾವಿ೦ರ ಕೋಟಿ ಪೌಂಡಿನ ಹತ್ತಿರಕ್ಕೆ ಹೋಯಿತು. ಕೆಲವು ಭಾಗಗಳು ಉಳಿದು ಉಪಯೋಗಕ್ಕೆ ಬಂದವು. ಮುಖ್ಯ ಕನಸು ಕೈಗೂಡಲಿಲ್ಲ. ಇಟ್ಟಿಗೆಯನ್ನು ಎಣಿಸಬಹುದು; ಸಾವಿರಾರು ವೈದ್ಯರು ದಾದಿಯರು ತಮ್ಮ ನಿತ್ಯದ ಅಭ್ಯಾಸವನ್ನು ಬಿಟ್ಟು ಹೊಸದನ್ನು ಹಿಡಿಯಲು ಬೇಕಾಗುವ ಕಾಲವನ್ನು ಎಣಿಸುವ ಅಂಕಣ ಯಾವ ಅಂದಾಜು ಪಟ್ಟಿಯಲ್ಲಿಯೂ ಇರಲಿಲ್ಲ.

ನಮ್ಮ ದೇಶ ಈಗ ಅದೇ ಹಾದಿಯನ್ನು ಬೇರೆ ರೀತಿಯಲ್ಲಿ ತುಳಿಯುತ್ತಿದೆ. ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನಕಗಳು ೨೦೧೩ರಲ್ಲಿ ಹೊರಬಂದು ೨೦೧೬ರಲ್ಲಿ ಪರಿಷ್ಕೃತವಾದವು. ೨೦೨೧ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ ಡಿಜಿಟಲ್ ಅಭಿಯಾನ ದೇಶವ್ಯಾಪಿಯಾಗಿ ಆರಂಭವಾಯಿತು. ಅದರಲ್ಲಿ ವ್ಯಕ್ತಿಗೆ ಹದಿನಾಲ್ಕು ಅಂಕಿಗಳ ಆರೋಗ್ಯ ಸಂಖ್ಯೆಯುಂಟು. ಪ್ಲಮ್ಮರನ ಸಂಖ್ಯೆ ಒಂದು ವೈದ್ಯಾಲಯದ ಒಳಗಿನದು, ಇದು ಇಡೀ ದೇಶದ್ದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ಕಾಯಿದೆಯೂ ಆಯಿತು. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ, ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಅಲೆಯುವ ರೋಗಿಗಳನ್ನು ಕಂಡವರಾರೂ ಈ ಪ್ರಯತ್ನವನ್ನು ಹಗುರವಾಗಿ ಕಾಣಲಾರರು. ಆದರೆ ಕಾಗದದ ತಪ್ಪು ಒಂದೇ ಕಡತದಲ್ಲಿ ಇರುತ್ತದೆ. ಯಂತ್ರದೊಳಕ್ಕೆ ಹೋದ ತಪ್ಪು ರೋಗಿಗಿಂತ ಮುಂಚೆ ಮುಂದಿನ ಆಸ್ಪತ್ರೆಗೆ ಹೋಗಿ ಕುಳಿತಿರುತ್ತದೆ. ಆದುದರಿಂದ ವೀಡನ ಪಾಠದ ಅಗತ್ಯ ಯಂತ್ರ ಬಂದ ಮೇಲೆ ಹೆಚ್ಚಿದೆಯೇ ಹೊರತು ತಗ್ಗಿಲ್ಲ.

ಸಂಕಟವೆಂಬ ಮಾತು

ಕಡೆಯದಾಗಿ ಭಾಷೆಯ ಮಾತು. ನಾಲ್ಕು ಭಾಗಗಳಲ್ಲಿ ಮೊದಲನೆಯದು ರೋಗಿ ಹೇಳಿದ್ದು ಎಂದಾಯಿತಷ್ಟೆ. ನಮ್ಮ ಹಳ್ಳಿಯ ಮುದುಕಿ ವೈದ್ಯರ ಮುಂದೆ ಕುಳಿತು ‘ಸಂಕಟ ಆಗ್ತದೆ ಸ್ವಾಮಿ’ ಎನ್ನುತ್ತಾಳೆ. ಸಂಕಟವೆಂದರೇನು? ಓಕರಿಕೆಯೆ, ಎದೆಯ ಬಿಗಿತವೆ, ಉಸಿರು ಕಟ್ಟುವುದೆ, ಮನಸ್ಸಿನ ವ್ಯಥೆಯೆ? ಕನ್ನಡದಲ್ಲಿ ಆ ಮಾತಿಗೆ ಇವೆಲ್ಲ ಅರ್ಥಗಳೂ ಉಂಟು. ‘ಉಷ್ಣ’, ‘ವಾಯು’, ‘ಜೋಮು’ಗಳ ಗತಿಯೂ ಅಷ್ಟೇ. ಕಡತವಿರುವುದು ಇಂಗ್ಲಿಷಿನಲ್ಲಿ, ಯಂತ್ರದ ಪರದೆಯ ಮೇಲೆ ಆರಿಸಿಕೊಳ್ಳಲು ಇಟ್ಟಿರುವ ಮಾತುಗಳೂ ಇಂಗ್ಲಿಷಿನವು. ಅವಸರದಲ್ಲಿ ಒಂದನ್ನು ಆರಿಸಿದರೆ, ಮುದುಕಿ ಹೇಳದ ಮಾತು ಮುದುಕಿಯ ಮಾತಾಗಿ ಉಳಿದುಬಿಡುತ್ತದೆ. ಎದೆಯ ನೋವು ಹೊಟ್ಟೆಯ ತೊಂದರೆಯಾಗಿ ದಾಖಲಾದರೆ ಬೆಲೆ ತೆರುವವಳು ಆಕೆ.

ಕಟ್ಟಡದ ಕಡೆಗೆ ತಿರುಗಿದರೂ ಇದೇ ನೋಟ. ಪಾಯ, ಗಾರೆ, ಗಿಲಾವು, ಜಂತಿ, ಮಟ್ಟಗೋಲು, ಚದರ ಎಂದು ನಮ್ಮ ಮೇಸ್ತ್ರಿಗಳಿಗೂ ಉತ್ತರದ ಗೌಂಡಿಗಳಿಗೂ ಬೇಕಾದಷ್ಟು ಮಾತುಗಳಿವೆ. ಆ ಮಾತುಗಳನ್ನು ಕೇಳುತ್ತಲೇ ಬೆಳೆದ ಮೇಸ್ತ್ರಿಯ ಮಗ ಕಾಲೇಜಿಗೆ ಬಂದಾಗ, ತಂದೆಯ ಕಸುಬನ್ನೇ ಪರಭಾಷೆಯ ಪುಸ್ತಕದಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ೨೦೨೧ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅವಕಾಶ ಕೊಟ್ಟಿತು. ಆದರೆ ಅಪ್ಪಣೆಯಿಂದ ಪುಸ್ತಕ ಹುಟ್ಟುವುದಿಲ್ಲ. ಇಂಗ್ಲಿಷ್ ಪುಸ್ತಕದ ವಾಕ್ಯವನ್ನು ಒಂದೊಂದಾಗಿ ಕನ್ನಡದ ಅಕ್ಷರಕ್ಕೆ ಇಳಿಸಿದರೂ ಹುಟ್ಟುವುದಿಲ್ಲ. ಮೇಸ್ತ್ರಿಯ ಮಾತನ್ನೂ ಮಾನಕದ ಅಳತೆಯನ್ನೂ ಬಲ್ಲವನು ಕುಳಿತು ಬರೆದರೆ ಹುಟ್ಟುತ್ತದೆ. ಆರೋಗ್ಯ ದಾಖಲೆಗೆ ಬೇಕಾದುದು ಇನ್ನೂ ಸೂಕ್ಷ್ಮವಾದ ಕೆಲಸ: ಕನ್ನಡದ ರೋಗಿಗಳು ತಮ್ಮ ನೋವನ್ನು ಯಾವ ಯಾವ ಮಾತಿನಲ್ಲಿ ಹೇಳುತ್ತಾರೆ, ಯಾವ ಸೀಮೆಯಲ್ಲಿ ಆ ಮಾತಿಗೆ ಯಾವ ಅರ್ಥ ಎಂಬ ಕೋಶ. ಅದಕ್ಕೆ ವೈದ್ಯನೊಬ್ಬನೇ ಸಾಲದು. ಭಾಷಾಶಾಸ್ತ್ರ ಓದಿದವನೂ, ಹಳ್ಳಿಯಲ್ಲಿ ಕೆಲಸ ಮಾಡಿದ ದಾದಿಯೂ ಜೊತೆಗಿರಬೇಕು.

ಸಾಹಿತ್ಯದ ಪುಟದಲ್ಲಿ ಈ ವಿಚಾರವೇಕೆಂದು ಈಗ ಯಾರೂ ಕೇಳಲಾರರೆಂದು ನಂಬಿದ್ದೇನೆ. ಮಾತಿಗೂ ವಸ್ತುವಿಗೂ ಇರುವ ಸಂಬಂಧವನ್ನು ಕಾಯುವುದೇ ಸಾಹಿತ್ಯಾಭ್ಯಾಸಿಯ ಕೆಲಸವಾದರೆ, ಅಂದಾಜು ಪಟ್ಟಿಯೂ ರೋಗಿಯ ಕಡತವೂ ಅವನ ಸೀಮೆಗೆ ಹೊರಗಲ್ಲ. ಕನ್ನಡ ಅಧ್ಯಾಪಕರು ತಮ್ಮ ಊರಿನ ಪಾಲಿಟೆಕ್ನಿಕ್ಕಿನ ಅಧ್ಯಾಪಕರೊಡನೆಯೂ ಆಸ್ಪತ್ರೆಯ ವೈದ್ಯರೊಡನೆಯೂ ಕುಳಿತು, ವರ್ಷಕ್ಕೆ ನೂರು ಮಾತುಗಳನ್ನು ಸಂಗ್ರಹಿಸಿ ಅರ್ಥ ಬರೆದಿಟ್ಟರೂ ಸಾಕು, ಕೆಲಸ ಮೊದಲಾದಂತೆ. ರಾಜಾದಿತ್ಯನಿಗೆ ಇದ್ದ ಅನುಕೂಲಗಳಿಗಿಂತ ನಮಗಿರುವ ಅನುಕೂಲಗಳು ಕಡಮೆಯೇನಲ್ಲ.